ರ್‍ಯಾಮ್ ಪರೀಕ್ಷೆಗೆ ಮೂರು ದಾರಿ, ಬದಲಿಸೋಕೆ ಎರಡು: ನಾನೇ ಮಾಡಿ ನೋಡಿದ್ದು

ಮೂರು ವಾರ ನಾನು ಕಂಪ್ಯೂಟರ್‌ನ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡಿಸ್ಕ್) ಕೆಟ್ಟಿದೆ ಅಂತಲೇ ನಂಬಿದ್ದೆ. ಮನೆಯ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಿಪ್ ಮಾಡಿ ಇಟ್ಟಿದ್ದೆ. ಬಿಚ್ಚಿದರೆ ಒಮ್ಮೆ ಫೈಲ್ ಕೆಟ್ಟಿದೆ ಅನ್ನುವ ಸಿಆರ್‌ಸಿ ಎರರ್ ಬರುತ್ತದೆ, ಅದೇ ಜಿಪ್ ಹತ್ತು ನಿಮಿಷ ಬಿಟ್ಟು ಬಿಚ್ಚಿದರೆ ಸರಿಯಾಗಿ ತೆರೆಯುತ್ತದೆ. ಮಧ್ಯೆ ಮಧ್ಯೆ ವಿಂಡೋಸ್ ಕುಸಿದು ಬ್ಲೂ ಸ್ಕ್ರೀನ್, ಅದೂ ಸಲಕ್ಕೊಂದು ಎರರ್ ಹೆಸರಿನಲ್ಲಿ. ಡಿಸ್ಕ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲ್ ಪ್ರತಿ ಸಲವೂ ತೊಂದರೆ ಕೊಡಬೇಕು ಅಲ್ವಾ? ಇಲ್ಲಿ ತಪ್ಪು ಜಾಗ ಬದಲಿಸುತ್ತಿತ್ತು. ಆಗ ರ್‍ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಮೇಲೆ ಅನುಮಾನ ಬಂತು. ನನ್ನದು ಡೆಸ್ಕ್‌ಟಾಪ್, ಡಿಡಿಆರ್4, 3200 ವೇಗದ 8 ಜಿಬಿಯ ಎರಡು ಸ್ಟಿಕ್‌ಗಳ (ಮೆಮೊರಿ ಪಟ್ಟಿಗಳ) ಜೋಡಿ.

ಮೊದಲು ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ. ಸ್ಟಾರ್ಟ್‌ನಲ್ಲಿ mdsched ಅಂತ ಟೈಪ್ ಮಾಡಿದರೆ ಸಾಕು, ಪೆನ್‌ಡ್ರೈವ್ ಬೇಡ, ಏನೂ ಇಳಿಸಿಕೊಳ್ಳಬೇಕಿಲ್ಲ. ಅರ್ಧ ಗಂಟೆಯೊಳಗೆ ಮುಗಿಯಿತು, ತಪ್ಪಿಲ್ಲ ಅಂದಿತು. ಸುಮ್ನೆ ಓಡಿಸಿದರೆ ಅದು ಸ್ಟ್ಯಾಂಡರ್ಡ್ ಪರೀಕ್ಷೆ ಮಾತ್ರ ಮಾಡುತ್ತದೆ. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಬೇಕು ಅಂತ ನನಗೆ ಆಮೇಲೆ ಗೊತ್ತಾಯಿತು, ಅದು ತುಂಬಾ ನಿಧಾನ. ಫಲಿತಾಂಶ ಪರದೆಯಲ್ಲಿ ಕಾಣದೆ ಹೋದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಹುಡುಕಬೇಕು. ಇದು ತಪ್ಪು ಇದೆ ಅಂದರೆ ನಂಬಿ. ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಬೇಡಿ.

ಎರಡನೆಯದು ಟೆಸ್ಟ್‌ಮೆಮ್5. ವಿಂಡೋಸ್ ಒಳಗೇ ಓಡುತ್ತದೆ, ರ್‍ಯಾಮ್ ವೇಗ ಏರಿಸಿ ಆಡುವವರಿಗೆ ಅಚ್ಚುಮೆಚ್ಚು. ಹನ್ನೆರಡೇ ನಿಮಿಷದಲ್ಲಿ ನನಗೆ ಎರರ್ ತೋರಿಸಿತು. ವೇಗದ ಮಟ್ಟಿಗೆ ಇದೇ ಮೊದಲು. ಆದರೂ ಇದನ್ನು ಮೊದಲು ಓಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ವಿಂಡೋಸ್ ತಾನು ಕೂತಿರುವ ಜಾಗವನ್ನು ಇದಕ್ಕೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಅಷ್ಟು ಭಾಗ ಪರೀಕ್ಷೆ ಆಗುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ರ್‍ಯಾಮ್ ಮೇಲೆ ವಿಂಡೋಸ್ ಓಡುತ್ತಿರುವಷ್ಟು ಹೊತ್ತೂ ಡಿಸ್ಕ್‌ಗೆ ಏನಾದರೂ ಬರೆಯುತ್ತಲೇ ಇರುತ್ತದೆ, ಆ ಬರವಣಿಗೆಯೂ ಕೆಡಬಹುದು.

ನನಗೆ ಪೂರ್ತಿ ನಂಬಿಕೆ ಬಂದದ್ದು ಮೂರನೆಯದರ ಮೇಲೆ, ಮೆಮ್‌ಟೆಸ್ಟ್86+. ಇದು ವಿಂಡೋಸ್ ಶುರುವಾಗುವ ಮೊದಲೇ, ಅದರ ಹೊರಗೆ ಓಡುತ್ತದೆ. ಹೆಸರಿನ ಕೊನೆಯ ಪ್ಲಸ್ ಗಮನಿಸಿ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಬೇರೆ, ಅದು ಪಾಸ್‌ಮಾರ್ಕ್ ಕಂಪನಿಯವರದು, ಅದರ ಉಚಿತ ಆವೃತ್ತಿ ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಎರಡಕ್ಕೂ ಮೂಲ 1990ರ ದಶಕದ ಒಂದೇ ಪ್ರೋಗ್ರಾಂ. ಪ್ಲಸ್ ಇರುವುದು ಮುಕ್ತ ತಂತ್ರಾಂಶ, ನಿಲ್ಲಿಸುವ ತನಕ ಓಡುತ್ತದೆ, 2022ರ 6ನೇ ಆವೃತ್ತಿಯಿಂದ ಯುಇಎಫ್‌ಐ (ಹಳೇ ಬಯಾಸ್‌ನ ಬದಲು ಬಂದದ್ದು) ಇರುವ ಕಂಪ್ಯೂಟರ್‌ಗಳಲ್ಲೂ ಬೂಟ್ ಆಗುತ್ತದೆ. ನನ್ನ ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಬೇಕಾಯಿತು, ತೊಡಕು ಅಂದರೆ ಅದೊಂದೇ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮಲಗಿದೆ, ಬೆಳಗ್ಗೆ ಎದ್ದಾಗ ಪರದೆ ತುಂಬ ಕೆಂಪು ಸಾಲು. ಮೊದಲ ಸುತ್ತು ಸ್ವಚ್ಛ, ಎರಡನೆಯದರಿಂದ ಶುರು. ಇದನ್ನೊಂದೇ ಓಡಿಸಿ, ಒಂದೇ ಸುತ್ತಿಗೆ ಎದ್ದುಬಿಟ್ಟಿದ್ದರೆ ನಾನು ಇನ್ನೂ ಎಸ್‌ಎಸ್‌ಡಿಯನ್ನೇ ಬೈಯುತ್ತಿದ್ದೆ.

ಯಾವ ಸ್ಟಿಕ್ ಕೆಟ್ಟಿದೆ ಅಂತ ಆ ಸಾಲುಗಳಿಂದ ಹೇಳಲು ಆಗಲಿಲ್ಲ. ಎರಡು ಸ್ಟಿಕ್ ಜೋಡಿಯಾಗಿ ಓಡುವಾಗ ಡೇಟಾ ಎರಡರಲ್ಲೂ ಹಂಚಿಹೋಗಿರುತ್ತದೆ. ಹಾಗಾಗಿ ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹ ಮುಟ್ಟಿ, ಒಂದೊಂದೇ ಸ್ಟಿಕ್ ಹಾಕಿ ಮತ್ತೆ ರಾತ್ರಿಯೆಲ್ಲ ಓಡಿಸಿದೆ. ಸ್ಟಿಕ್ ಕೂರುವ ಸ್ಲಾಟ್ ಬದಲಿಸಬೇಡಿ, ಬದಲಿಸಿದರೆ ತಪ್ಪು ಸ್ಟಿಕ್‌ದೋ ಸ್ಲಾಟ್‌ದೋ ತಿಳಿಯುವುದಿಲ್ಲ. ಸ್ಟಿಕ್‌ಗಳನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿಯೂ ನೋಡಿದೆ. ವೇಗ ಇಳಿಸಿದ ಮೇಲೆ ಎರರ್ ನಿಂತರೆ ಸ್ಟಿಕ್ ಎಸೆಯುವ ಮೊದಲು ಸೆಟ್ಟಿಂಗ್ ನೋಡಬೇಕು. ನನ್ನದರಲ್ಲಿ ನಿಲ್ಲಲಿಲ್ಲ. ಚಿನ್ನದ ಬಣ್ಣದ ಪಿನ್‌ಗಳನ್ನು ರಬ್ಬರ್‌ನಿಂದ ಉಜ್ಜುವುದು ಎಲ್ಲರೂ ಹೇಳುವ ಉಪಾಯ. ಐಸೊಪ್ರೊಪೈಲ್ ಆಲ್ಕೊಹಾಲ್ ಅದಕ್ಕಿಂತ ಒಳ್ಳೆಯದು, ಪುಡಿ ಉದುರುವುದಿಲ್ಲ. ನನಗೆ ಎರಡೂ ಕೆಲಸಕ್ಕೆ ಬರಲಿಲ್ಲ. ಒಂದು ಸ್ಟಿಕ್ ನಿಜವಾಗಿ ಸತ್ತಿತ್ತು.

ಈಗ ಬದಲಿಸುವ ಮಾತು. ವಾರಂಟಿಯಲ್ಲಿ ದುಡ್ಡು ಬೇಡ, ರ್‍ಯಾಮ್‌ಗೆ ಎಷ್ಟೋ ಕಂಪನಿಗಳು ಜೀವಮಾನದ ವಾರಂಟಿ ಕೊಡುತ್ತವೆ. ಸ್ಟಿಕ್ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಮಾತ್ರ ಕೀಳಬೇಡಿ. ಕಷ್ಟ ಎಲ್ಲಿ ಅಂದರೆ, ಜೋಡಿಯಾಗಿ ಕೊಂಡಿದ್ದರಿಂದ ಸರಿಯಿದ್ದ ಸ್ಟಿಕ್ಕನ್ನೂ ಕಳಿಸಿ ಅಂದರು, ವಾಪಸ್ ಬರಲು ಹದಿನೆಂಟು ದಿನ. ಅಷ್ಟು ದಿನ ಕಂಪ್ಯೂಟರ್ ಖಾಲಿ ಇಡಲು ಆಗದೆ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಎಸ್‌ಪಿ ರೋಡ್‌ನಲ್ಲಿ 8 ಜಿಬಿಯ ಒಂದು ಸೆಕೆಂಡ್‌ಹ್ಯಾಂಡ್ ಸ್ಟಿಕ್ ಕೊಂಡೆ, ವೇಗ 2666. ಅದೂ ಮೊದಲು ಒಂದು ರಾತ್ರಿ ಪರೀಕ್ಷೆ ದಾಟಿದ ಮೇಲೇ ಕೆಲಸಕ್ಕೆ ಬಂತು. ಒಂಟಿ ಸ್ಟಿಕ್‌ನಲ್ಲಿ ಬ್ರೌಸರ್‌ನ ಟ್ಯಾಬ್‌ಗಳು ಎಳೆದಾಡಿದವು, ಟೈಪಿಂಗ್‌ಗೆ ಏನೂ ತೊಂದರೆ ಆಗಲಿಲ್ಲ. ಜೋಡಿ ವಾಪಸ್ ಬಂದ ಮೇಲೆ ಅದರ ಜೊತೆಗೆ ಇದನ್ನೂ ಹಾಕಿ ನೋಡಿದೆ. ಮೂರೂ 2666ಕ್ಕೆ ಇಳಿದವು, ಹಾಗಾಗಿ ಅದನ್ನು ತೆಗೆದು ಡ್ರಾಯರ್‌ನಲ್ಲಿಟ್ಟೆ. ಕೆಲಸ ನಿಂತರೂ ಪರವಾಗಿಲ್ಲ ಅನ್ನುವವರಿಗೆ ವಾರಂಟಿ, ನಾಳೆಯೇ ಬೇಕು ಅನ್ನುವವರಿಗೆ ಒಂಟಿ ಸ್ಟಿಕ್. ನಾನಂತೂ ಇನ್ನೊಮ್ಮೆ ಆದರೂ ಎರಡನ್ನೂ ಮಾಡುತ್ತೇನೆ.

ಹೊಸ ಜೋಡಿ ಒಂದು ರಾತ್ರಿ ಪೂರ್ತಿ ತಪ್ಪಿಲ್ಲದೆ ಓಡಿತು. ಆಮೇಲೆ ಆ ಮೂರು ವಾರದಲ್ಲಿ ಕಾಪಿ ಮಾಡಿದ್ದ ಪ್ರತಿ ಫೋಟೋವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ನ ಮೂಲದ ಜೊತೆ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹಾಕಿ ಹೋಲಿಸಿದೆ. ಹನ್ನೊಂದು ಕೆಟ್ಟಿದ್ದವು. ಅಜ್ಜಿ ಬಾವಿಕಟ್ಟೆ ಮೇಲೆ ಕೂತಿರುವ ಫೋಟೋದ ಕೆಳಗಿನ ಅರ್ಧ ಬೂದು ಪಟ್ಟಿ ಆಗಿತ್ತು. ಮೂಲ ಸರಿಯಾಗಿತ್ತು, ಮತ್ತೆ ಕಾಪಿ ಮಾಡಿದೆ.