ಫಾರ್ಮ್ಯಾಟ್ ಆದ ಕಂಪ್ಯೂಟರಿಗೆ ಹಳೆಯ ವರ್ಚುಯಲ್ ಮಷೀನನ್ನು ಮರಳಿ ತರುವಲ್ಲಿ ವರ್ಚುಯಲ್‌ಬಾಕ್ಸ್ ಎಷ್ಟು ನಂಬಿಕಸ್ಥ?

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುಯಲ್ ಮಷೀನನ್ನು, ಸೃಷ್ಟಿಸಿ ಓಡಿಸುವ ಒರೇಕಲ್ ಸಂಸ್ಥೆಯ ವರ್ಚುಯಲ್‌ಬಾಕ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ವೇಗವನ್ನೂ ಅದರಲ್ಲಿ ಯಾವ ಯಾವ ಆಪರೇಟಿಂಗ್ ಸಿಸ್ಟಂಗಳು ಓಡುತ್ತವೆ ಎಂಬುದನ್ನೂ ನೋಡುತ್ತಾರೆ. ನಾನು ಇಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ: ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೆ, ಹಿಂದೆ ಕೆಲಸ ಮಾಡುತ್ತಿದ್ದ ವರ್ಚುಯಲ್ ಮಷೀನನ್ನು ಈ ತಂತ್ರಾಂಶ ಇದ್ದ ಹಾಗೆಯೇ ಹಿಂದಕ್ಕೆ ಕೊಡುತ್ತದೆಯೇ? ಕನ್ನಡದ ಡಿಟಿಪಿ ಕೇಂದ್ರಗಳಿಗೂ ಸಣ್ಣ ಮುದ್ರಣಾಲಯಗಳಿಗೂ ಇದು ದಿನನಿತ್ಯದ ಪ್ರಶ್ನೆ. ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ಕನ್ನಡ ಬರೆಯುವ ನುಡಿ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ, ಯೂನಿಕೋಡ್ ಬರುವುದಕ್ಕೆ ಮುಂಚಿನ ಫಾಂಟುಗಳಲ್ಲಿ ಸಿದ್ಧಪಡಿಸಿದ ಪುಸ್ತಕಗಳ ಪುಟಗಳು ಅಲ್ಲಿ ರಾಶಿಯಾಗಿ ಉಳಿದಿವೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ಅಂದಿನಿಂದ ಆ ಪುಟಗಳನ್ನು ಕೆಡದಂತೆ ತೆರೆಯಲು ಎಕ್ಸ್‌ಪಿ ಹಾಕಿದ ವರ್ಚುಯಲ್ ಮಷೀನ್ ಅನೇಕರಿಗೆ ಆಸರೆಯಾಗಿದೆ.

ಮೊದಲು ಮೆಚ್ಚಬೇಕಾದುದನ್ನು ಹೇಳುತ್ತೇನೆ. 2010ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಿಂದ ವರ್ಚುಯಲ್‌ಬಾಕ್ಸ್ ಒಂದು ಮಷೀನಿಗೆ ಸೇರಿದ ಎಲ್ಲವನ್ನೂ, ಅಂದರೆ ಸೆಟ್ಟಿಂಗುಗಳಿರುವ ವಿಬಾಕ್ಸ್ ಕಡತ, ಡಿಸ್ಕ್ ಆಗಿರುವ ವಿಡಿಐ ಕಡತ, ಸ್ನ್ಯಾಪ್‌ಶಾಟ್‌ಗಳು (ಬೇಕಾದಾಗ ಹಿಂದಿರುಗಲು ಉಳಿಸಿಟ್ಟ ಮಷೀನಿನ ಒಂದು ಕ್ಷಣದ ಸ್ಥಿತಿ) ಮತ್ತು ಲಾಗ್‌ಗಳನ್ನು, ಒಂದೇ ಫೋಲ್ಡರಿನಲ್ಲಿ ಇಡುತ್ತಾ ಬಂದಿದೆ. ಅದಕ್ಕೆ ಮುಂಚೆ ಸೆಟ್ಟಿಂಗ್ ಒಂದು ಕಡೆ, ಡಿಸ್ಕ್ ಇನ್ನೊಂದು ಕಡೆ ಇರುತ್ತಿದ್ದವು. ಈ ಬದಲಾವಣೆಯ ಬೆಲೆ ಫಾರ್ಮ್ಯಾಟ್ ಮಾಡಿದ ದಿನ ಗೊತ್ತಾಗುತ್ತದೆ. ಹೊಸ ವಿಂಡೋಸಿನಲ್ಲಿ ತಂತ್ರಾಂಶವನ್ನು ಹಾಕಿ ತೆರೆದರೆ ಎಡಗಡೆಯ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಅದನ್ನು ಕಂಡು ಎಲ್ಲವೂ ಹೋಯಿತೆಂದು ಗಾಬರಿಯಾಗುವವರೇ ಹೆಚ್ಚು. ವಾಸ್ತವದಲ್ಲಿ ಹೋಗಿರುವುದು ಬಳಕೆದಾರರ ಫೋಲ್ಡರಿನಲ್ಲಿದ್ದ ನೋಂದಣಿಯ ಪಟ್ಟಿ ಮಾತ್ರ. ಮಷೀನಿನ ಫೋಲ್ಡರ್ ಬೇರೆ ಡ್ರೈವಿನಲ್ಲಿಯೋ ಹೊರಗಿನ ಹಾರ್ಡ್ ಡಿಸ್ಕಿನಲ್ಲಿಯೋ ಸುರಕ್ಷಿತವಾಗಿದ್ದರೆ, 'ಮಷೀನ್' ಮೆನುವಿನಲ್ಲಿ 'ಆಡ್' ಒತ್ತಿ ಆ ವಿಬಾಕ್ಸ್ ಕಡತವನ್ನು ತೋರಿಸಿದರೆ ಸಾಕು. ಮಷೀನಿನ ಹೆಸರು, ಮೆಮೊರಿ, ನೆಟ್‌ವರ್ಕ್ ಕಾರ್ಡಿನ ವಿಳಾಸ, ಸ್ನ್ಯಾಪ್‌ಶಾಟ್‌ಗಳ ಸರಪಳಿ ಎಲ್ಲವೂ ಹಾಗೆಯೇ ಮೂಡಿಬರುತ್ತವೆ. ಈ ಕೆಲಸಕ್ಕೆ ಪರಿಣತಿ ಬೇಕಾಗಿಲ್ಲ, ಮತ್ತು ಮೂಲ ತಂತ್ರಾಂಶಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ತೊಡಕು ಶುರುವಾಗುವುದು ವಿಡಿಐಯನ್ನು ಮಾತ್ರ ಉಳಿಸಿಕೊಂಡು ವಿಬಾಕ್ಸ್ ಕಡತವನ್ನು ಬಿಟ್ಟಾಗ. ಫಾರ್ಮ್ಯಾಟ್ ಮಾಡಿಕೊಡುವವರು ಹತ್ತಾರು ಜಿಬಿ ಗಾತ್ರದ ಕಡತವನ್ನು ಕಂಡು ಅದನ್ನು ಜೋಪಾನವಾಗಿ ನಕಲು ಮಾಡಿ, ಪಕ್ಕದಲ್ಲಿರುವ ಕೆಲವೇ ಕೆಬಿಯ ಕಡತವನ್ನು ಗಮನಿಸದೆ ಹೋಗುವುದು ತೀರ ಸಾಮಾನ್ಯ. ಆ ಪುಟ್ಟ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲು ಬರುವ ಸಾಲುಗಳೇ ಕಾಣುತ್ತವೆ: ಡಿಸ್ಕ್ ಯಾವ ಕಂಟ್ರೋಲರಿಗೆ (ಡಿಸ್ಕನ್ನು ಕಂಪ್ಯೂಟರಿಗೆ ಬೆಸೆಯುವ ಭಾಗ) ಜೋಡಣೆಯಾಗಿತ್ತು, ಮಷೀನ್ ಹಳೆಯ ಬಗೆಯ ಬಯೋಸ್‌ನಿಂದ ಬೂಟ್ ಆಗುತ್ತಿತ್ತೋ ಹೊಸ ಬಗೆಯ ಇಎಫ್‌ಐನಿಂದಲೋ, ಯಾವ ಯುಎಸ್‌ಬಿ ಸಾಧನ ಒಳಗೆ ಹೋಗಬೇಕು, ಹೀಗೆ. ಅದು ಇಲ್ಲದಿದ್ದರೆ ಹೊಸ ಮಷೀನನ್ನು ಸೃಷ್ಟಿಸಿ, ಇರುವ ಡಿಸ್ಕನ್ನೇ ಬಳಸುವಂತೆ ಆರಿಸಿ, ಈ ವಿವರಗಳನ್ನೆಲ್ಲ ನಾವೇ ಹೊಂದಿಸಬೇಕು. ಎಕ್ಸ್‌ಪಿಯ ವಿಷಯದಲ್ಲಿ ಇದು ಮುಖ್ಯ. ಹಳೆಯ ಬಗೆಯ ಐಡಿಇ ಕಂಟ್ರೋಲರಿನಲ್ಲಿ ಹಾಕಿದ ಎಕ್ಸ್‌ಪಿಯ ಡಿಸ್ಕನ್ನು ಹೊಸ ಬಗೆಯ ಸಾಟಾ ಕಂಟ್ರೋಲರಿಗೆ ಜೋಡಿಸಿದರೆ, ಅದಕ್ಕೆ ಬೇಕಾದ ಡ್ರೈವರ್ ಎಕ್ಸ್‌ಪಿಯಲ್ಲಿ ಇಲ್ಲದಿರುವುದರಿಂದ, 7ಬಿ ಎಂಬ ಸಂಖ್ಯೆಯ ನೀಲಿ ಪರದೆ ಬರುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಕಂಟ್ರೋಲರನ್ನು ಐಡಿಇಗೆ ಬದಲಿಸಿ ನೋಡಬೇಕು. ಬಹಳ ಸಲ ಅಷ್ಟಕ್ಕೇ ಮಷೀನ್ ಎದ್ದು ನಿಲ್ಲುತ್ತದೆ. ಯಂತ್ರಾಂಶ ಬದಲಾದಂತೆ ಕಂಡು ವಿಂಡೋಸ್ ಮತ್ತೆ ಆಕ್ಟಿವೇಶನ್ ಕೇಳುವ ಸಾಧ್ಯತೆಯೂ ಇದೆ.

ಸ್ನ್ಯಾಪ್‌ಶಾಟ್‌ಗಳ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಬಲವಾಗಿದೆ. ಒಂದು ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ವಿಡಿಐಗೆ ಏನೂ ಬರೆಯಲ್ಪಡುವುದಿಲ್ಲ. ಅಲ್ಲಿಂದ ಮುಂದಿನ ಕೆಲಸವೆಲ್ಲ ಸ್ನ್ಯಾಪ್‌ಶಾಟ್‌ಗಳ ಫೋಲ್ಡರಿನಲ್ಲಿ, ಉದ್ದನೆಯ ಗುರುತಿನ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಬೇರೊಂದು ಕಡತಕ್ಕೆ ಹೋಗುತ್ತದೆ. ಮೂಲ ವಿಡಿಐಯನ್ನು ಮಾತ್ರ ಉಳಿಸಿಕೊಂಡವರಿಗೆ ಮಷೀನ್ ಚೆನ್ನಾಗಿಯೇ ಬೂಟ್ ಆಗುತ್ತದೆ, ಆದರೆ ಸ್ನ್ಯಾಪ್‌ಶಾಟ್ ತೆಗೆದ ದಿನದ ಸ್ಥಿತಿಯಲ್ಲಿ. ಆಮೇಲೆ ಪುಟ ಕಟ್ಟಿದ ಪುಸ್ತಕಗಳು ಅದರಲ್ಲಿ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಹಾಗೆ ಒಮ್ಮೆ ಬೂಟ್ ಮಾಡಿದಾಗ ಮೂಲ ಡಿಸ್ಕಿಗೆ ಹೊಸ ಬರವಣಿಗೆ ನಡೆದು, ನಂತರದ ಕಡತಗಳು ಸಿಕ್ಕರೂ ಅವು ಸರಿಯಾಗಿ ಹೊಂದಿಕೊಳ್ಳದೆ ಹೋಗಬಹುದು. ಇಷ್ಟು ಗಂಭೀರವಾದ ವಿಷಯವನ್ನು ಬಳಕೆದಾರರಿಗೆ ಸ್ನ್ಯಾಪ್‌ಶಾಟ್ ತೆಗೆಯುವಾಗಲೇ ಎರಡು ಸಾಲಿನಲ್ಲಿ ತಿಳಿಸಬೇಕಿತ್ತು. ಫಾರ್ಮ್ಯಾಟ್ ಮಾಡುವ ಮೊದಲು ಸಮಯವಿದ್ದರೆ, ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ ಓವಿಎ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡುವುದು ಉತ್ತಮ. ಅದರಲ್ಲಿ ಸ್ನ್ಯಾಪ್‌ಶಾಟ್‌ಗಳ ಇತಿಹಾಸ ಉಳಿಯುವುದಿಲ್ಲ, ಆದರೆ ಈ ಕ್ಷಣದ ಸ್ಥಿತಿ ಒಂದೇ ಕಡತವಾಗಿ ಕೈಗೆ ಸಿಗುತ್ತದೆ.

ಡಿಸ್ಕಿಗೆ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಹಾಕಿಕೊಂಡವರು ಇನ್ನೂ ಎಚ್ಚರದಿಂದಿರಬೇಕು. ದತ್ತಾಂಶವನ್ನು ಬಿಡಿಸುವ ಕೀಲಿ, ಪಾಸ್‌ವರ್ಡಿನ ರಕ್ಷಣೆಯೊಂದಿಗೆ, ವಿಬಾಕ್ಸ್ ಕಡತದಲ್ಲಿಯೇ ಇರುತ್ತದೆ. ಆ ಕಡತ ಹೋದರೆ ಪಾಸ್‌ವರ್ಡ್ ನೆನಪಿದ್ದರೂ ಡಿಸ್ಕ್ ತೆರೆಯುವುದಿಲ್ಲ.

ಮಷೀನಿನ ಫೋಲ್ಡರೇ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ ಇದ್ದಿದ್ದರೆ? ಆಗ ವರ್ಚುಯಲ್‌ಬಾಕ್ಸ್ ಏನೂ ಮಾಡಲಾರದು. ಮೊದಲು ಆ ಡಿಸ್ಕಿಗೆ ಏನನ್ನೂ ಬರೆಯುವುದನ್ನು ನಿಲ್ಲಿಸಿ, ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಸಿಕ್ಕಿದ್ದನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ, ಕಡತಗಳ ಪಟ್ಟಿಯನ್ನು ಮಾತ್ರ ಅಳಿಸುವ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ವಿಸ್ತಾದಿಂದ ಈಚಿನ ವಿಂಡೋಸ್ ಪೂರ್ಣ ಫಾರ್ಮ್ಯಾಟಿನಲ್ಲಿ ಇಡೀ ಡ್ರೈವಿಗೆ ಸೊನ್ನೆಗಳನ್ನು ಬರೆಯುವುದರಿಂದ ಅಲ್ಲಿ ಏನೂ ಉಳಿಯುವುದಿಲ್ಲ. ಎಸ್‌ಎಸ್‌ಡಿಯಾದರೆ, ಬಳಕೆಯಲ್ಲಿಲ್ಲದ ಜಾಗವನ್ನು ಖಾಲಿ ಮಾಡಲು ವಿಂಡೋಸ್ ಅದಕ್ಕೆ ಕೊಡುವ ಟ್ರಿಮ್ ಆದೇಶದಿಂದಾಗಿ ಕ್ವಿಕ್ ಫಾರ್ಮ್ಯಾಟ್ ಆದರೂ ಸಿಗುವ ಸಂಭವ ತೀರ ಕಡಿಮೆ. ವಿಡಿಐ ಕಡತದ ಆರಂಭದಲ್ಲಿ ತಯಾರಕರ ಹೆಸರು ಸ್ಪಷ್ಟ ಅಕ್ಷರಗಳಲ್ಲಿ ಇರುತ್ತದೆ. 2010ಕ್ಕೆ ಮುಂಚಿನ ಡಿಸ್ಕುಗಳಲ್ಲಿ ಒರೇಕಲ್ ಬದಲು ಈ ತಂತ್ರಾಂಶದ ಹಿಂದಿನ ಒಡೆಯರಾದ ಸನ್ ಅಥವಾ ಇನೋಟೆಕ್ ಸಂಸ್ಥೆಗಳ ಹೆಸರನ್ನು ಕಾಣಬಹುದು. ಆದ್ದರಿಂದ ಕಡತದ ತಲೆಭಾಗವನ್ನು ಪತ್ತೆಹಚ್ಚುವುದು ಸುಲಭ, ಇಡೀ ದೇಹವನ್ನು ಕೂಡಿಸುವುದು ಕಷ್ಟ. ಬೇಕಾದಂತೆ ಬೆಳೆಯುವ ಡೈನಾಮಿಕ್ ವಿಡಿಐ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತಾ ಹೋಗುವುದರಿಂದ ಅದರ ತುಣುಕುಗಳು ಡಿಸ್ಕಿನ ತುಂಬ ಚದುರಿರುತ್ತವೆ. ಈ ದೃಷ್ಟಿಯಿಂದ ಮೊದಲೇ ಪೂರ್ತಿ ಜಾಗ ಹಿಡಿಯುವ ಸ್ಥಿರ ಗಾತ್ರದ ಡಿಸ್ಕೇ ಮೇಲು. ಹಾಗೂ ಹೀಗೂ ಸಿಕ್ಕ ವಿಡಿಐ ಬೂಟ್ ಆಗದಿದ್ದರೆ, ಅದರ ನಕಲೊಂದನ್ನು 7-ಜಿಪ್ ತಂತ್ರಾಂಶದಲ್ಲಿ ತೆರೆದೋ ಇನ್ನೊಂದು ಮಷೀನಿಗೆ ಎರಡನೆಯ ಡಿಸ್ಕಾಗಿ ಜೋಡಿಸಿಯೋ ಒಳಗಿನ ಕಡತಗಳನ್ನಾದರೂ ಹೊರಗೆಳೆಯಬಹುದು.

ಇಷ್ಟೆಲ್ಲ ಪಾಡಿನ ಬೇರು ಒಂದು ಆರಂಭಿಕ ಆಯ್ಕೆಯಲ್ಲಿದೆ ಎಂಬುದೇ ಈ ತಂತ್ರಾಂಶದ ಬಗ್ಗೆ ನನ್ನ ದೊಡ್ಡ ದೂರು. ವಿಂಡೋಸಿನಲ್ಲಿ ಅದು ಹೊಸ ಮಷೀನುಗಳನ್ನು ತಾನಾಗಿಯೇ ಬಳಕೆದಾರರ ಫೋಲ್ಡರಿನೊಳಗೆ, ಅಂದರೆ ಎಲ್ಲರೂ ಮೊದಲು ಫಾರ್ಮ್ಯಾಟ್ ಮಾಡುವ ಸಿ ಡ್ರೈವಿನಲ್ಲಿಯೇ ಇಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ಮಷೀನುಗಳ ಫೋಲ್ಡರನ್ನು ಡಿ ಡ್ರೈವಿಗೆ, ಸಾಧ್ಯವಿದ್ದರೆ ಬೇರೆಯೇ ಡಿಸ್ಕಿಗೆ ಬದಲಿಸಬೇಕು. ಸಿ ಡ್ರೈವಿನಲ್ಲಿ ಈಗಾಗಲೇ ಇರುವ ಮಷೀನನ್ನು 'ಮೂವ್' ಆಯ್ಕೆಯಿಂದ ಸಾಗಿಸಿದರೆ, ಸ್ನ್ಯಾಪ್‌ಶಾಟ್‌ಗಳ ಸಮೇತ ಎಲ್ಲ ಕಡತಗಳ ಕೊಂಡಿಯನ್ನು ತಂತ್ರಾಂಶವೇ ಸರಿಪಡಿಸಿಕೊಳ್ಳುತ್ತದೆ.