ಬಿಸ್ಕತ್ತು ಪುಡ್ಡಿಂಗಿಗೆ ಯಾವ ಬಿಸ್ಕತ್ತು? ಮಾರಿ, ಗ್ಲೂಕೋಸ್, ಬೋರ್ಬನ್, ಬೇಕರಿ ಬೆಣ್ಣೆ ಬಿಸ್ಕತ್ತು

ಬಿಸ್ಕತ್ತು ಪುಡ್ಡಿಂಗಿಗೆ ಓವನ್ ಬೇಡ, ಮೊಟ್ಟೆ ಬೇಡ. ಒಂದು ಪದರ ಬಿಸ್ಕತ್ತು, ಮೇಲೆ ಕಸ್ಟರ್ಡ್, ಮತ್ತೆ ಬಿಸ್ಕತ್ತು, ಮತ್ತೆ ಕಸ್ಟರ್ಡ್. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಆಯಿತು. ಆದರೆ ಬೆಳಗ್ಗೆ ಅದನ್ನು ಚಾಕುವಿನಲ್ಲಿ ತುಂಡು ಮಾಡಬಹುದೋ, ಸೌಟಿನಲ್ಲಿ ಬಡಿಸಬೇಕೋ ಅನ್ನುವುದು ಪೂರ್ತಿ ಬಿಸ್ಕತ್ತಿನ ಕೈಯಲ್ಲಿದೆ. ನಮ್ಮೂರಿನ ಯಾವ ಅಂಗಡಿಯಲ್ಲೂ ಸಿಗುವ ನಾಲ್ಕು ಬಗೆಯನ್ನು ಇಟ್ಟುಕೊಂಡು ಮಾಡಿ ನೋಡಿದೆ. ನನ್ನ ಓಟು ಮಾರಿ ಬಿಸ್ಕತ್ತಿಗೆ.

ಹೋಲಿಕೆ ಸರಿಯಾಗಿರಲಿ ಅಂತ ಕಸ್ಟರ್ಡ್ ಎಲ್ಲದಕ್ಕೂ ಒಂದೇ. ಅರ್ಧ ಲೀಟರ್ ಗಟ್ಟಿ ಹಾಲು, 4 ದೊಡ್ಡ ಚಮಚ ಕಸ್ಟರ್ಡ್ ಪುಡಿ, 4 ಚಮಚ ಸಕ್ಕರೆ. ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲಿ ಕದಡಿಕೊಳ್ಳಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಈ ಪುಡಿ ಹುಟ್ಟಿದ್ದೇ ಮೊಟ್ಟೆ ಒಗ್ಗದವರಿಗಾಗಿ. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ತನ್ನ ಹೆಂಡತಿಗೆ ಮೊಟ್ಟೆ ಆಗಿಬರುವುದಿಲ್ಲ ಅಂತ ಕಾರ್ನ್‌ಫ್ಲೋರ್‌ನಿಂದ, ಅಂದರೆ ಮೆಕ್ಕೆಜೋಳದ ಪಿಷ್ಟದಿಂದ, ಇದನ್ನು ಮಾಡಿದ. ಕಸ್ಟರ್ಡ್ ಉಗುರುಬೆಚ್ಚಗಿರುವಾಗಲೇ ಸುರಿಯಿರಿ. ಪೂರ್ತಿ ತಣಿದು ಗಟ್ಟಿಯಾದ ಮೇಲೆ ಕಲಕಿದರೆ ಅದು ಸಡಿಲವಾಗಿಬಿಡುತ್ತದೆ.

ಗ್ಲೂಕೋಸ್ ಬಿಸ್ಕತ್ತು ಎಲ್ಲಕ್ಕಿಂತ ಅಗ್ಗ, ಚೌಕ ಡಬ್ಬಿಯಲ್ಲಿ ಸಂದಿಲ್ಲದೆ ಕೂರುತ್ತದೆ. ಟೀಗೆ ಅದ್ದಿ ತಿನ್ನುವ ಎಲ್ಲರಿಗೂ ಅದರ ಗುಣ ಗೊತ್ತಲ್ವಾ? ಸ್ವಲ್ಪ ತಡವಾದರೆ ಕೈಯಲ್ಲಿ ಅರ್ಧವೇ ಉಳಿಯುತ್ತದೆ. ಹಾಗಾಗಿ ಇದನ್ನು ಅದ್ದಲೇಬಾರದು, ಒಣದಾಗೇ ಜೋಡಿಸಬೇಕು. ಆಗಲೂ ಬೆಳಗ್ಗೆ ಪದರ ಬೇರೆಯಾಗಿ ಕಾಣುವುದಿಲ್ಲ, ಎಲ್ಲ ಒಂದಾಗಿರುತ್ತದೆ. ರುಚಿ ಮಾತ್ರ ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಬಿಸ್ಕತ್ತಿನ ಸಿಹಿ ಜಾಸ್ತಿ ಇರುವುದರಿಂದ ಕಸ್ಟರ್ಡಿಗೆ ಒಂದು ಚಮಚ ಸಕ್ಕರೆ ಕಡಿಮೆ ಹಾಕಿ, ಬಟ್ಟಲಿನಲ್ಲೇ ಕೊಡಿ.

ಬೋರ್ಬನ್ ಇಡಿಯಾಗಿ ಹಾಕಿದರೆ ಒಳಗಿನ ಕ್ರೀಮ್ ಅಡ್ಡ ಬರುತ್ತದೆ. ಹೊರಮೈ ನೆನೆಯುತ್ತದೆ, ಒಳಮೈ ಕರುಕುರು ಉಳಿಯುತ್ತದೆ. ಬಿಡಿಸಿ, ಕ್ರೀಮನ್ನು ಕೆರೆದು ಬಿಸಿ ಕಸ್ಟರ್ಡಿಗೆ ಕದಡಿ, ಬರೀ ಬಿಸ್ಕತ್ತನ್ನು ಜೋಡಿಸಿದರೆ ಒಳ್ಳೆಯ ಚಾಕೊಲೇಟ್ ಪುಡ್ಡಿಂಗ್ ಆಗುತ್ತದೆ. ಆದರೆ ಅಷ್ಟೆಲ್ಲ ಕೆರೆಯುತ್ತಾ ಕೂತರೆ ಸುಲಭದ ಸಿಹಿ ಅನ್ನುವ ಮಾತೇ ಉಳಿಯುವುದಿಲ್ಲ.

ಅಯ್ಯಂಗಾರ್ ಬೇಕರಿಯಲ್ಲಿ ತೂಗಿ ಕೊಡುವ ಬೆಣ್ಣೆ ಬಿಸ್ಕತ್ತಿನ ಮೇಲೆ ನನಗೆ ಬಹಳ ಪ್ರೀತಿ. ಆದರೂ ಪದರಕ್ಕೆ ಅದು ಒಗ್ಗುವುದಿಲ್ಲ. ಹಿಟ್ಟಿಗೆ ಜಿಡ್ಡು ಅಂಟಿರುವುದರಿಂದ ಹಾಲು ಬೇಗ ಒಳಗೆ ಇಳಿಯುವುದಿಲ್ಲ. ಚಾಕು ಇಟ್ಟರೆ ಪುಡಿಯಾಗಿ ಅಕ್ಕಪಕ್ಕಕ್ಕೆ ಜಾರುತ್ತದೆ. ಅದಕ್ಕೆ ತಳದ ಕೆಲಸ ಕೊಡಿ: ಪುಡಿ ಮಾಡಿ, ಸ್ವಲ್ಪ ಕರಗಿಸಿದ ಬೆಣ್ಣೆ ಕಲಸಿ, ಡಬ್ಬಿಯ ಅಡಿಗೆ ಬಟ್ಟಲಿನ ತಳದಿಂದ ಒತ್ತಿ. ಆ ಬೆಣ್ಣೆಯ ಘಮ ಬೇರೆ ಯಾವ ಬಿಸ್ಕತ್ತಿನಲ್ಲೂ ಸಿಗುವುದಿಲ್ಲ.

ಇನ್ನು ಮಾರಿ. ಸುಮ್ನೆ ತಿಂದರೆ ಸಪ್ಪೆ. ಆದರೆ ಜಿಡ್ಡು ಕಡಿಮೆ, ಸಿಹಿ ಕಡಿಮೆ, ತೆಳುವು, ಮೈತುಂಬ ತೂತು. ಹಾಗಾಗಿ ನೆನೆಯುತ್ತದೆ, ಆದರೂ ಕರಗಿಹೋಗುವುದಿಲ್ಲ. 1874ರಲ್ಲಿ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ರಷ್ಯಾದ ರಾಜಕುಮಾರಿ ಮರಿಯಾಳ ಮದುವೆಯ ನೆನಪಿಗೆ ಮಾಡಿದ ಬಿಸ್ಕತ್ತಿದು. ಪೋರ್ಚುಗಲ್ಲಿನವರು ಇದನ್ನೇ ಕಾಫಿಯಲ್ಲಿ ಅದ್ದಿ, ಬೆಣ್ಣೆ ಕ್ರೀಮ್ ಹಚ್ಚಿ, ‘ಬೋಲೊ ದೆ ಬೊಲಾಶಾ’ ಅನ್ನುವ ಕೇಕ್ ಕಟ್ಟುತ್ತಾರೆ. ಕಾಫಿ ಅಂದಮೇಲೆ ನಮ್ಮ ಫಿಲ್ಟರ್ ಇರುವಾಗ ಯೋಚನೆ ಯಾಕೆ?

ಗಟ್ಟಿ ಡಿಕಾಕ್ಷನ್ ಒಂದು ಪಾಲು, ಕಾಯಿಸಿ ಆರಿಸಿದ ಹಾಲು ಒಂದು ಪಾಲು ಸೇರಿಸಿ ಅಗಲ ತಟ್ಟೆಗೆ ಹಾಕಿ. ಬಿಸಿ ಇರಬಾರದು. ಬಿಸ್ಕತ್ತನ್ನು ಒಂದು ಸಲ ಮುಳುಗಿಸಿ, ಮಗುಚಿ, ತಕ್ಷಣ ಎತ್ತಿ. ಅಂಚು ಕಪ್ಪಾಗಿ ನಡುವೆ ಇನ್ನೂ ಬಿಳಿಚಾಗಿದ್ದರೆ ಸರಿಯಾಗಿದೆ ಅಂತ ಅರ್ಥ, ಉಳಿದದ್ದನ್ನು ಫ್ರಿಜ್‌ನಲ್ಲಿ ಕಸ್ಟರ್ಡೇ ನೆನೆಸುತ್ತದೆ. ದುಂಡು ಬಿಸ್ಕತ್ತಿನ ಮಧ್ಯೆ ಸಂದು ಬೀಳುತ್ತದೆ. ಅಲ್ಲಿಗೆ ಮುರಿದ ಚೂರು ತುಂಬಿ, ಇಲ್ಲದಿದ್ದರೆ ತುಂಡು ಎತ್ತುವಾಗ ಅಲ್ಲೇ ಕುಸಿಯುತ್ತದೆ. ಬೆಳಗ್ಗೆ ಕತ್ತರಿಸಿದರೆ ಹಳದಿಯ ನಡುವೆ ಕಂದು ಗೆರೆಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಚಿಕೋರಿ ಬೆರೆತ ಪುಡಿಯಾದರೆ ಗೆರೆ ಇನ್ನೂ ಗಾಢ, ಆ ಕಹಿ ಕಸ್ಟರ್ಡಿನ ಸಿಹಿಗೆ ಸರಿಹೊಂದುತ್ತದೆ.

ನೆಂಟರು ಬರುವ ದಿನ ನಾನು ಎರಡನ್ನೂ ಸೇರಿಸುತ್ತೇನೆ: ಅಡಿಗೆ ಬೇಕರಿ ಬಿಸ್ಕತ್ತಿನ ಪುಡಿ, ಮೇಲೆ ಮಾರಿಯ ಮೂರು ಪದರ. ಚಿಕ್ಕ ಮಕ್ಕಳಿದ್ದರೆ ಡಿಕಾಕ್ಷನ್ ಬದಲು ಕೋಕೋ ಕದಡಿದ ಹಾಲು. ಎರಡು ದಿನದೊಳಗೆ ಮುಗಿಸಿಬಿಡಿ, ಆಮೇಲೆ ಕಸ್ಟರ್ಡ್ ನೀರು ಬಿಡುತ್ತದೆ.