ಮೂರು ತಿಂಗಳ ದುಡ್ಡು ಮುಂಗಡ ಕೇಳುವ ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಬೇಡಿ

ದೂರು ನಡೆಯುತ್ತಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕೇಂದ್ರ. 27 ದಿನಕ್ಕೆ ನಮ್ಮಿಂದ 1,00,460 ರೂಪಾಯಿ ತೆಗೆದುಕೊಂಡರು. ಅಷ್ಟು ದುಡ್ಡಿಗೆ ಭಾವನಿಗೆ ಸಿಕ್ಕ ಚಿಕಿತ್ಸೆ ಏನು ಅಂದರೆ, ಒಂದು ಬೀಗ ಹಾಕಿದ ಹಾಲ್ ಮತ್ತು ಮೂರು ಹೊತ್ತು ಊಟ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಕುಡಿತ ನಿಲ್ಲಿಸಿದವರ ಕೈನಡುಕ, ಫಿಟ್ಸ್, ರಾತ್ರಿ ಎದ್ದು ಗೋಡೆಯ ಮೇಲೆ ಹುಳ ಹುಡುಕುವುದು ಎಲ್ಲವನ್ನೂ ವಾರ್ಡಿನಲ್ಲಿ ನೋಡಿದವಳು. ಆದರೂ ಮೋಸ ಹೋದೆ. ಬರೆಯಲು ನಾಚಿಕೆಯಾಗುತ್ತಿದೆ.

ಮೊದಲು ಫೋನಿನ ವಿಷಯ. ಮೊಬೈಲಿನಲ್ಲಿ ಹುಡುಕಿದರೆ ಮೇಲೆ ಬರುವ ನಂಬರುಗಳಲ್ಲಿ ಎಷ್ಟೋ ಆಸ್ಪತ್ರೆಯವಲ್ಲ, ದಲ್ಲಾಳಿಗಳವು. ಮೂರು ಬೇರೆ ಬೇರೆ ಹೆಸರಿನ ಕೇಂದ್ರಗಳಿಗೆ ಕರೆ ಮಾಡಿದರೆ ಮೂರಕ್ಕೂ ಒಬ್ಬಳೇ ಹೆಂಗಸಿನ ದನಿ. ಅವಳು ಕೇಳಿದ್ದು ಇಷ್ಟು: ಪೇಷಂಟ್ ಏನು ಕೆಲಸ ಮಾಡುತ್ತಾರೆ, ಇನ್ಶೂರೆನ್ಸ್ ಇದೆಯಾ, ದುಡ್ಡು ಕಟ್ಟುವವರು ಯಾರು. ದಿನಕ್ಕೆ ಎಷ್ಟು ಕುಡಿಯುತ್ತಾರೆ ಅಂತ ಕೇಳಲಿಲ್ಲ. ಕಡೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಕಾಮಾಲೆ ಆಗಿತ್ತಾ, ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯಾ, ಒಂದನ್ನೂ ಕೇಳಲಿಲ್ಲ. ನಿಜವಾಗಿ ಚಿಕಿತ್ಸೆ ಕೊಡುವ ಜಾಗದಲ್ಲಿ ಮೊದಲ ಐದು ನಿಮಿಷದಲ್ಲಿ ಬರುವ ಪ್ರಶ್ನೆಗಳು ಇವೇ. ನನಗೆ ಅಲ್ಲೇ ಗೊತ್ತಾಗಬೇಕಿತ್ತು. 'ನಿಮ್ಹಾನ್ಸ್ ಡಾಕ್ಟರೇ ನಮ್ಮಲ್ಲಿ ಬರೋದು ಮೇಡಂ' ಅಂದಳು. ಯಾವ ಡಾಕ್ಟರ್, ಯಾವ ವಾರ ಬರುತ್ತಾರೆ ಅಂತ ನಾನು ಕೇಳಲಿಲ್ಲ.

ಆಮೇಲೆ ದುಡ್ಡು. ತಿಂಗಳಿಗೆ 18,000ದಂತೆ ಮೂರು ತಿಂಗಳದ್ದು ಒಟ್ಟಿಗೆ 54,000. ಅಡ್ಮಿಷನ್ 5,000. ಮನೆಗೆ ಬಂದು ಕರೆದೊಯ್ಯುವ 'ಪಿಕಪ್ ಟೀಮ್'ಗೆ 8,000. ಕಡಿಮೆ ಆಗಲ್ಲವಾ ಅಂದರೆ 'ಇವತ್ತೇ ಕಟ್ಟಿದರೆ ಬೆಡ್ ಇದೆ, ನಾಳೆ ಗ್ಯಾರಂಟಿ ಇಲ್ಲ' ಅಂತ ಉತ್ತರ. ನಾಲ್ಕು ಜನ ವ್ಯಾನಿನಲ್ಲಿ ಬಂದು ಭಾವನನ್ನು ಕೈ ಹಿಡಿದು ಎಳೆದುಕೊಂಡು ಹೋದರು. ಅಕ್ಕನ ಹತ್ತಿರ 100 ರೂಪಾಯಿಯ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮಧ್ಯದಲ್ಲಿ ಕರೆದುಕೊಂಡು ಹೋದರೆ ಹಣ ವಾಪಸ್ ಇಲ್ಲ, 21 ದಿನ ಭೇಟಿ ಇಲ್ಲ, ಫೋನ್ ಇಲ್ಲ, ಏನೇ ಆದರೂ ಸಂಸ್ಥೆ ಹೊಣೆಯಲ್ಲ. ಆಫೀಸಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಎರಡು ಸರ್ಟಿಫಿಕೇಟ್ ಇದ್ದವು. ದೂರದಿಂದ ನೋಡಿ ಲೈಸೆನ್ಸ್ ಅಂದುಕೊಂಡೆವು. ಒಂದು ಟ್ರಸ್ಟ್ ನೋಂದಣಿ, ಇನ್ನೊಂದು ಐಎಸ್‌ಒ. ಎರಡಕ್ಕೂ ಚಿಕಿತ್ಸೆಗೂ ಸಂಬಂಧವೇ ಇಲ್ಲ. ಹತ್ತಿರ ಹೋಗಿ ಓದಿದ್ದರೆ ಸಾಕಿತ್ತು.

ಈಗ ಗೊತ್ತಿರಲೇಬೇಕಾದ ಒಂದು ಮಾತು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತೆ, ಅದರಲ್ಲಿ ಜೀವ ಹೋಗುವುದೂ ಉಂಟು. ಇದನ್ನು ತಡೆಯುವ ಔಷಧಿ ದುಬಾರಿಯದಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್, ಐದಾರು ದಿನದಲ್ಲಿ ಇಳಿಸುತ್ತಾ ಬರಬೇಕು. ಜೊತೆಗೆ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್, ಅದೂ ಗ್ಲೂಕೋಸ್ ಬಾಟಲಿ ಹಾಕುವ ಮುಂಚೆ. ಥಯಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಈ ಐದು ದಿನಕ್ಕೇ ಡಾಕ್ಟರ್ ಬೇಕು, ರಾತ್ರಿ ನರ್ಸ್ ಬೇಕು. ಇವರ ಹತ್ತಿರ ಎರಡೂ ಇರಲಿಲ್ಲ. ರಾತ್ರಿ ಕಾಯುತ್ತಿದ್ದವರು ಹಿಂದೆ ಅಲ್ಲೇ ಸೇರಿದ್ದ ಪೇಷಂಟ್‌ಗಳು.

ಭಾವ ಸೇರಿದ್ದು 3ನೇ ತಾರೀಖು ಬೆಳಿಗ್ಗೆ. ನಾವು ದಿನಾ ಫೋನ್ ಮಾಡಿದರೆ 'ಆರಾಮಾಗಿದ್ದಾರೆ, ಊಟ ಮಾಡಿದರು'. 8ನೇ ತಾರೀಖು ಮಾತಿನ ಮಧ್ಯೆ ಬಾಯಿತಪ್ಪಿ 'ಆ ಫಿಟ್ಸ್ ಆದಮೇಲೆ ಸ್ವಲ್ಪ ವೀಕ್ ಇದ್ದಾರೆ' ಅಂದರು. ಯಾವ ಫಿಟ್ಸ್? ಅಕ್ಕನಿಗೆ ಹೇಳಿರಲಿಲ್ಲ, ನನಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಆಗಲೇ ಹೋಗಿ ಕರೆತರಬೇಕಿತ್ತು. 'ಈಗ ಕರೆದೊಯ್ದರೆ ಮತ್ತೆ ಕುಡೀತಾರೆ, ಜವಾಬ್ದಾರಿ ನಿಮ್ಮದು' ಅಂದದ್ದಕ್ಕೆ ಅಕ್ಕ ಹೆದರಿದಳು, ನಾನೂ ಸುಮ್ಮನಾದೆ. ಇವರ ವ್ಯಾಪಾರ ನಡೆಯುವುದೇ ಈ ಹೆದರಿಕೆಯ ಮೇಲೆ.

29ಕ್ಕೆ ಕರೆತರಲು ಹೋದಾಗ ಮತ್ತೊಂದು ಬಿಲ್. ಔಷಧಿ 11,860. ಡಾಕ್ಟರ್ ವಿಸಿಟ್ ದಿನಕ್ಕೆ 500ರಂತೆ 27 ದಿನ, 13,500. ಕೌನ್ಸೆಲಿಂಗ್ ದಿನಕ್ಕೆ 300ರಂತೆ 8,100. ಕಟ್ಟದಿದ್ದರೆ ಕಳಿಸಲ್ಲ ಅಂತ. ಕಟ್ಟಿದೆವು. ಕಟ್ಟಿ, ಕೇಸ್ ಶೀಟ್ ಕೊಡಿ ಅಂದೆ. ಕೊಡಲ್ಲ ಅಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತನ್ನ ದಾಖಲೆ ನೋಡುವುದು ಪೇಷಂಟ್‌ನ ಹಕ್ಕು, ಭಾವನ ಕೈಯಲ್ಲೇ ಬರೆಸಿ ಕೊಡುತ್ತೇನೆ ಅಂದಮೇಲೆ ಒಳಗೆ ಹೋಗಿ ಒಂದು ಗಂಟೆ ಕಳೆದು ಜೆರಾಕ್ಸ್ ತಂದರು.

ಇಪ್ಪತ್ತೇಳು ಹಾಳೆ. ಒಂದೊಂದರಲ್ಲೂ ಬಿ.ಪಿ. 120/80, ಪಲ್ಸ್ 72. ಒಂದೇ ಕೈಬರಹ. ತಾರೀಖು ಮಾತ್ರ ಬೇರೆ. ಮನುಷ್ಯನ ಬಿ.ಪಿ. ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತೆ. ಕುಡಿತ ಬಿಟ್ಟ ಮೊದಲ ವಾರದಲ್ಲಂತೂ ಏರಿಯೇ ಇರುತ್ತೆ. 5ನೇ ತಾರೀಖಿನ ಹಾಳೆ ತೆಗೆದೆ. 120/80, 'ಪೇಷಂಟ್ ಕಂಫರ್ಟಬಲ್, ನಿದ್ದೆ ಚೆನ್ನಾಗಿದೆ'. ಅದರ ಹಿಂದೆ ಪಿನ್ ಹೊಡೆದ ಒಂದು ಸಣ್ಣ ಚೀಟಿಯೂ ಜೆರಾಕ್ಸ್ ಆಗಿ ಬಂದುಬಿಟ್ಟಿತ್ತು. ಹತ್ತಿರದ ಬೇರೊಂದು ಆಸ್ಪತ್ರೆಯ ಕ್ಯಾಷುವಾಲ್ಟಿ ಚೀಟಿ. ಅದೇ 5ನೇ ತಾರೀಖು, ರಾತ್ರಿ 2:40, ಫಿಟ್ಸ್, ಬಿ.ಪಿ. 170/110. ಎರಡು ದಿನ ಅಲ್ಲೇ ದಾಖಲು. ಅಂದರೆ ಭಾವ ಇವರ ಹತ್ತಿರ ಇಲ್ಲದ ಆ ಎರಡು ದಿನವೂ ಇವರ ಡಾಕ್ಟರ್ ಬಂದು ಬಿ.ಪಿ. ನೋಡಿದ್ದಾರೆ, 500 ತೆಗೆದುಕೊಂಡಿದ್ದಾರೆ. ಕೌನ್ಸೆಲಿಂಗ್ ಕೂಡ ಆಗಿದೆ. ಆ ಹಾಳೆ ಹಿಡಿದುಕೊಂಡು ನಿಂತ ಹೊತ್ತು ನನಗೆ ಮೈಯೆಲ್ಲ ಬಿಸಿಯಾಯಿತು. ನಾನು ದಿನಾ ಬರೆಯುವುದು ಇದೇ ಚಾರ್ಟ್. ಒಂದು ಸಲವೂ ಬಂದು ಚಾರ್ಟ್ ನೋಡುತ್ತೇನೆ ಅಂತ ಹಟ ಹಿಡಿಯಲಿಲ್ಲ.

ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಚಾರ್ಟ್ ಬಗ್ಗೆ: 'ಅದು ಸಿಸ್ಟಮ್ ಎಂಟ್ರಿ ಮೇಡಂ, ತಲೆ ಕೆಡಿಸಿಕೊಳ್ಳಬೇಡಿ.' ಕೈಬರಹ ಯಾವ ಸಿಸ್ಟಮ್? ಫಿಟ್ಸ್ ಬಗ್ಗೆ: 'ಕುಡಿತ ಬಿಟ್ಟರೆ ಎಲ್ಲರಿಗೂ ಬರುತ್ತೆ, ಕಾಮನ್.' ಬರುತ್ತೆ ಅಂತ ಗೊತ್ತಿದ್ದರೆ ಮೊದಲೇ ಮಾತ್ರೆ ಏಕೆ ಕೊಡಲಿಲ್ಲ? ಬಾಕಿ ಎರಡು ತಿಂಗಳ ದುಡ್ಡಿನ ಬಗ್ಗೆ: 'ಸೈನ್ ಮಾಡಿದ್ದೀರಲ್ಲ.' ಕೊನೆಗೆ ಅಕ್ಕನ ಕಡೆ ತಿರುಗಿ: 'ನಿಮಗೆ ಯಜಮಾನರು ಸರಿಹೋಗೋದು ಬೇಕೋ, ದುಡ್ಡು ಬೇಕೋ?' ಈ ಪ್ರಶ್ನೆಗೆ ಯಾವ ಹೆಂಡತಿ ಏನು ಉತ್ತರ ಕೊಡಬೇಕು? ಹೊರಡುವಾಗ ಪುಡಿಯ ಪೊಟ್ಟಣ ಬೇರೆ ತೋರಿಸಿದರು, ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿ ಅಂತ. ಅದನ್ನು ಮಾತ್ರ ಮುಟ್ಟಬೇಡಿ. ಇಂಥ ಪುಡಿಯಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಇರಬಹುದು, ಅದನ್ನು ತಿಂದವರು ಗೊತ್ತಿಲ್ಲದೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಆ ಮಾತ್ರೆ ಪೇಷಂಟ್ ಒಪ್ಪಿ, ಡಾಕ್ಟರ್ ಬರೆದು ಕೊಡುವಂಥದ್ದು.

ಇನ್ಶೂರೆನ್ಸ್ ಸಿಗುತ್ತೆ ಅಂತಲೂ ಫೋನಿನಲ್ಲಿ ಹೇಳಿದ್ದರು, ಅದೂ ಸುಳ್ಳು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ವಿಮೆ ಕೊಡಬೇಕು ಅಂತ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತೆ, ಕುಡಿತದಿಂದ ಬರುವ ಮಾನಸಿಕ ಸ್ಥಿತಿಗಳೂ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿವೆ. ಆದರೆ ನಿಮ್ಮ ಪಾಲಿಸಿ ತೆಗೆದು ಹೊರತುಪಡಿಸಿದ ಪಟ್ಟಿಯಲ್ಲಿ 'ಎಕ್ಸ್‌ಕ್ಲ್ 12' ಇದೆಯಾ ನೋಡಿ. ಮದ್ಯ, ಡ್ರಗ್ಸ್ ಚಟದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ದುಡ್ಡಿಲ್ಲ ಅನ್ನುವ ಸಾಲು ಅದು. ನಮ್ಮದರಲ್ಲಿ ಇತ್ತು. ಹಾಗಂದಾಗ 'ಗ್ಯಾಸ್ಟ್ರೈಟಿಸ್ ಅಂತ ಬರೆದುಕೊಡ್ತೀವಿ, ಕ್ಲೇಮ್ ಮಾಡ್ಕೊಳ್ಳಿ' ಅಂದರು. ಸುಳ್ಳು ಕ್ಲೇಮಿಗೆ ಸಹಿ ನಮ್ಮದು, ಸಿಕ್ಕಿಬೀಳುವವರೂ ನಾವೇ.

ಸೇರಿಸುವ ಮುಂಚೆ ಒಂದೇ ಕಾಗದ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಇಲ್ಲದಿದ್ದರೆ ಕಾನೂನಿನ ಪ್ರಕಾರ ಅದು ನಡೆಯಲೇಬಾರದ ಜಾಗ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ ದಂಡ 5 ಸಾವಿರದಿಂದ 50 ಸಾವಿರ. ನಮ್ಮೊಬ್ಬರಿಂದಲೇ ಅದರ ಎರಡರಷ್ಟು ಕಿತ್ತುಕೊಂಡರು, ಇನ್ನು ದಂಡಕ್ಕೆ ಯಾಕೆ ಹೆದರುತ್ತಾರೆ. ಪೇಷಂಟ್ ಒಪ್ಪದೆ ಸೇರಿಸಬೇಕಾದರೆ ಅವರ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆಯ ಪ್ರಕಾರ ಪೇಷಂಟ್ ಪರವಾಗಿ ನಿಲ್ಲುವವರ, ಅರ್ಜಿ ಬೇಕು. ಅದೇ ದಿನ ಅಥವಾ ಹಿಂದಿನ ಏಳು ದಿನದೊಳಗೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಆ ದಾಖಲಾತಿಯೂ 30 ದಿನಕ್ಕೆ ಮಾತ್ರ. ವ್ಯಾನಿನಲ್ಲಿ ನಾಲ್ಕು ಜನ ಬರುವುದು ಯಾವ ಸೆಕ್ಷನ್ನಿನಲ್ಲೂ ಇಲ್ಲ. ಸರಪಳಿ ಹಾಕುವುದು, ತಲೆ ಬೋಳಿಸುವುದು, ಬಲವಂತದ ಕೆಲಸ, ಮನೆಯವರ ಜೊತೆ ಫೋನಿಗೆ ಬಿಡದಿರುವುದು, ಇವೆಲ್ಲ ಕಾಯ್ದೆಗೆ ವಿರುದ್ಧ.

ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ: ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಪ್ರತ್ಯೇಕ ವಿಭಾಗ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಸರದಿ ಉದ್ದ ಇರುತ್ತೆ, ಜೊತೆಗೆ ಒಬ್ಬರು ಇರಬೇಕಾಗುತ್ತೆ, ಆದರೂ ಬಿಲ್ ಹೀಗಿರಲ್ಲ. ಫೋನಿನಲ್ಲಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ, 14446ರಲ್ಲೇ ವಿಚಾರಿಸಿ. ಧರ್ಮಸ್ಥಳ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರದಿಂದ ಬದುಕು ಕಟ್ಟಿಕೊಂಡವರನ್ನು ನೋಡಿದ್ದೇನೆ. ಆದರೆ ಹಿಂದೆ ಫಿಟ್ಸ್ ಬಂದವರು ಯಾವ ಶಿಬಿರಕ್ಕೇ ಆಗಲಿ ಡಾಕ್ಟರಿಗೆ ತೋರಿಸಿಯೇ ಹೋಗಿ.

ಮೋಸ ಹೋಗಿದ್ದರೆ ಸುಮ್ಮನೆ ಕೂರಬೇಡಿ. ಪ್ರತಿ ರಸೀದಿ, ಫೋನ್‌ಪೇ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಮೇಲಿನ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ. ಹಣಕ್ಕೆ ಗ್ರಾಹಕ ಆಯೋಗ. ಕಟ್ಟಿದ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಾವು ಎರಡೂ ಕಡೆ ಕೊಟ್ಟಿದ್ದೇವೆ, ಇಪ್ಪತ್ತೇಳು ಹಾಳೆ ಮತ್ತು ಆ ಚೀಟಿಯ ಜೊತೆ.

ಹೋದ ವಾರ ಅದೇ ಹೆಂಗಸಿನ ಫೋನ್ ಬಂತು. 'ಇನ್ನೂ ಎರಡು ತಿಂಗಳು ಬಾಕಿ ಇದೆ ಮೇಡಂ, ದುಡ್ಡು ಹೇಗೂ ಕಟ್ಟಿದ್ದೀರಿ, ಪೇಷಂಟ್‌ನ ಕಳಿಸಿಕೊಡಿ.' ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸಂಖ್ಯೆ ಹೇಳಿ, ಬರೆದುಕೊಳ್ಳುತ್ತೇನೆ ಅಂದೆ. ಫೋನ್ ಇಟ್ಟಳು.